ತೆಪ್ಪ ಹೆಣೆಯುವವರ ಪಕ್ಕದಲ್ಲಿ ನಿಲ್ಲುವುದು ಹೇಗೆ

ನಮ್ಮ ಮಾವ ತೆಪ್ಪ, ಅಂದರೆ ಬಿದಿರಿನ ದುಂಡು ದೋಣಿ, ಹೆಣೆಯಲು ಕೂತರೆ ಮಾತಾಡುವುದಿಲ್ಲ. ಸುಮ್ನೆ ಕೈ ಚಾಚುತ್ತಾರೆ. ಆ ಕೈಗೆ ಕತ್ತಿ ಬೇಕೋ, ಬಿದಿರಿನ ದಬ್ಬೆ ಬೇಕೋ, ಎಲೆಯಡಿಕೆ ಬೇಕೋ ಅಂತ ನಾವೇ ತಿಳಿದುಕೊಳ್ಳಬೇಕು. ತೀರ್ಥಹಳ್ಳಿ ಹತ್ತಿರ ತುಂಗೆ ದಡದ ಈ ಮನೆಗೆ ಸೊಸೆಯಾಗಿ ಬಂದ ನನಗೆ ತೆಪ್ಪ ಹೆಣೆಯುವುದು ಇವತ್ತಿಗೂ ಬರುವುದಿಲ್ಲ. ಹೆಣೆಯುವವರ ಪಕ್ಕ ನಿಲ್ಲುವುದು ಬರುತ್ತದೆ.

ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯಬೇಕು. ಬೆಳದಿಂಗಳಲ್ಲಿ ಕಡಿದ ಬಿದಿರಿಗೆ ಕುಟ್ಟೆ ಹುಳ ಹಿಡಿಯುತ್ತದೆ ಅಂತ ಮಾವ ಅಮಾವಾಸ್ಯೆ ಕಡೆಯೇ ಕಡಿಸುತ್ತಾರೆ. ನನಗೆ ನಂಬಿಕೆ ಇರುವುದು ನೀರಿನಲ್ಲಿ. ಕೆಲವು ವಾರ ನೆನೆಸಿಟ್ಟ ಬಿದಿರಿಗೆ ಹುಳದ ಕಾಟ ಕಮ್ಮಿ.

ಸೀಳಿದ ದಬ್ಬೆಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ಬಿಸಿಲಿಗೆ ಬಿಟ್ಟರೆ ಬಗ್ಗಿಸುವಾಗ ಚಟ್ ಅಂತ ಮುರಿಯುತ್ತದೆ. ಕೊಡುವ ಮೊದಲು ಅಂಚಿನ ಸಿಬರು ಹೆರೆದು ಕೊಡಿ.

ಕೆನಡಾದ ಪಶ್ಚಿಮ ಕರಾವಳಿಯ ಹೈಡಾ ಎಂಬ ಮೂಲನಿವಾಸಿ ಜನರದ್ದೂ ಇದೇ ಲೆಕ್ಕ, ಒದ್ದೆ ಮಾಡಿಯೇ ಬಗ್ಗಿಸುವುದು. ಅವರು ಒಂದೇ ಕೆಂಪು ಸೀಡರ್ ಮರ ತೋಡಿ ದೋಣಿ ಮಾಡುತ್ತಾರೆ. ತೋಡಿದ ಹೊಟ್ಟೆಗೆ ನೀರು ತುಂಬಿ, ಕೆಂಪಗೆ ಕಾದ ಕಲ್ಲು ಹಾಕುತ್ತಾರೆ. ಹಬೆಗೆ ಮರ ಮೆತ್ತಗಾದಾಗ ಪಕ್ಕಗಳನ್ನು ಅಗಲಿಸುತ್ತಾರೆ. 1986ರ ವ್ಯಾಂಕೂವರ್ ಎಕ್ಸ್‌ಪೋ ವಸ್ತುಪ್ರದರ್ಶನಕ್ಕೆ ಮಾಡಿದ ‘ಲೂ ತಾಸ್’ ದೋಣಿ ಸುಮಾರು 50 ಅಡಿ ಉದ್ದ. ಹೆಸರು ಬಂದದ್ದು ಕಲಾವಿದ ಬಿಲ್ ರೀಡ್‌ಗೆ. ನನಗೆ ಮಾತ್ರ ಬೆಂಕಿ ಹತ್ತಿರ ಬೆವರುತ್ತಾ ಕಲ್ಲು ಕಾಯಿಸಿದವರ ಮೇಲೇ ಕನಿಕರ.

ಯಾಕೆಂದರೆ ನಮ್ಮಲ್ಲಿ ಡಾಂಬರು ಕಾಯಿಸುವವಳು ನಾನು. ಮೊದಲು ತೆಪ್ಪಕ್ಕೆ ಚರ್ಮ ಹೊದಿಸುತ್ತಿದ್ದರು. ಈಗ ಗೊಬ್ಬರದ ಚೀಲ ಬಿಚ್ಚಿ ಹೊಲಿದು, ಮೇಲೆ ಡಾಂಬರು ಬಳಿಯುತ್ತೇವೆ. ಬಯಲಲ್ಲೇ ಒಲೆ ಹೂಡಿ, ಸಣ್ಣ ಉರಿ ಇಡಿ. ಹೊಗೆ ಜಾಸ್ತಿಯಾದರೆ ಕೊಳ್ಳಿ ಎಳೆಯಿರಿ. ಪಕ್ಕದಲ್ಲಿ ಒಂದು ಬುಟ್ಟಿ ಮರಳಿರಲಿ, ನೀರು ಬೇಡವೇ ಬೇಡ. ಮೊದಲ ವರ್ಷ ನಾನು ತೊಳೆದ ಸೌಟನ್ನು ಒರೆಸದೆ ಅದ್ದಿದ್ದೆ. ಚಟಪಟ ಅಂತ ಸಿಡಿದು ಮುಂಗೈ ಮೇಲೆ ಮೂರು ಕಲೆ ಉಳಿದವು. ಅವತ್ತು ಮಾವ ಮಾತಾಡಿದರು, ಅದೂ ಜೋರಾಗಿಯೇ! ಚೀಲವೂ ಹಾಗೆಯೇ, ಒಂದು ಹನಿ ತೇವ ಇದ್ದರೂ ಡಾಂಬರು ಗುಳ್ಳೆ ಎದ್ದು ಬಿಡುತ್ತದೆ. ತಣಿದು ಕೈಗೆ ಅಂಟಿದ್ದಕ್ಕೆ ತೆಂಗಿನೆಣ್ಣೆ ಸಾಕು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೈಯೆಲ್ಲ ಕಪ್ಪಾಗಿರುವವರಿಗೆ ಅನ್ನ ಸಾರು ಬಡಿಸಬೇಡಿ. ಅಕ್ಕಿ ರೊಟ್ಟಿಗೆ ಚಟ್ನಿ ಸವರಿ, ಸುರುಳಿ ಸುತ್ತಿ, ಬಾಳೆಲೆಯಲ್ಲಿ ಕಟ್ಟಿಕೊಡಿ.

ಡಾಂಬರು ಆರಿದ ಮೇಲೆ ಒಂದು ಕೆಲಸ ಉಳಿಯುತ್ತದೆ, ಅದು ನನಗೆ ತುಂಬಾ ಇಷ್ಟ. ನಡು ಮಧ್ಯಾಹ್ನ ತೆಪ್ಪವನ್ನು ಬೋರಲು ಹಾಕಿ ಒಳಗೆ ನುಸುಳುತ್ತೇನೆ. ಆರಡಿ ಅಗಲದ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ತೂತುಗಳು ಚುಕ್ಕಿಗಳ ಹಾಗೆ ಒಂದೊಂದಾಗಿ ಕಾಣುತ್ತವೆ. ಹೊರಗಿನಿಂದ ಮಾವ ಬೆರಳಲ್ಲಿ ತಟ್ಟುತ್ತಾರೆ.

“ಇಲ್ಲೇನಮ್ಮಾ?”

“ಅಲ್ಲ ಮಾವ, ಇನ್ನೂ ಒಂದು ಗೇಣು ಎಡಕ್ಕೆ.”

ಬೆರಳು ಬಂದು ಚುಕ್ಕಿ ಮುಚ್ಚುತ್ತದೆ.

“ಹಾಂ, ಅಲ್ಲೇ.”