ಹಳೇ ಏರ್ ರೈಫಲ್‌ಗೆ ಒಪ್ಪುವ ಪೆಲೆಟ್ ಹುಡುಕುವುದು ಹೇಗೆ?

‘ಸಾರ್, ಯಾವ ಕಂಪನಿ ಪೆಲೆಟ್ ಒಳ್ಳೇದು?’ ಮೈಸೂರಿನಲ್ಲಿ ಹೊಸದಾಗಿ ಏರ್ ರೈಫಲ್ ಹಿಡಿದವರು ಮೊದಲು ಕೇಳುವುದೇ ಇದನ್ನು. ಪೆಲೆಟ್ ಅಂದರೆ ಏರ್ ರೈಫಲ್‌ಗೆ ಹಾಕುವ ಸೀಸದ ಪುಟ್ಟ ಗುಂಡು. ಹೀಗೆ ಕೇಳಿದರೆ ಯಾರ ಹತ್ತಿರವೂ ಸರಿಯಾದ ಉತ್ತರ ಇರುವುದಿಲ್ಲ. ಒಬ್ಬರ ರೈಫಲ್‌ನಲ್ಲಿ ಹತ್ತು ಗುಂಡನ್ನು ಒಂದೇ ತೂತಿಗೆ ಇಳಿಸಿದ ಡಬ್ಬಿ, ಪಕ್ಕದವರ ರೈಫಲ್‌ನಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ಕಂಪನಿ ಒಂದೇ, ಮಾಡೆಲ್ ಒಂದೇ, ಆದರೂ ಬ್ಯಾಚ್ ಬದಲಾದರೆ ಗುರಿ ಬದಲಾಗುವುದುಂಟು. ಹಾಗಾಗಿ ನಿಮ್ಮ ಬ್ಯಾರೆಲ್‌ಗೆ ಯಾವ ಬ್ಯಾಚ್ ಒಪ್ಪುತ್ತದೆ ಎಂದು ನೀವೇ ಹೊಡೆದು ನೋಡಬೇಕು. ಅದನ್ನು ಮನೆಯಲ್ಲೇ ಮಾಡಬಹುದು. ತಾಳ್ಮೆ ಬೇಕು, ಅಷ್ಟೇ.

ಹೊರದೇಶಗಳಲ್ಲಿ ಹಳೇ ಮಿಲಿಟರಿ ರೈಫಲ್ ಇಟ್ಟುಕೊಂಡವರು ಸೀಸ ಕರಗಿಸಿ ಗುಂಡು ಎರಕ ಹೊಯ್ದು, ಕಾರ್ಟ್ರಿಜ್ ತಾವೇ ತುಂಬಿ ಪರೀಕ್ಷೆ ಮಾಡುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಆ ಕಡೆ ಕೈ ಹಾಕುವುದು ಬೇಡ. ಅದೇ ಹುಡುಕಾಟದ ಖುಷಿ ಬೇಕಿದ್ದರೆ ಹಳೇ ಮ್ಯಾಚ್ ಏರ್ ರೈಫಲ್, ಅಂದರೆ ಸ್ಪರ್ಧೆಗೆಂದೇ ಮಾಡಿದ್ದು, ಇದೆ. ಹಿರಿಯ ಶೂಟರ್‌ಗಳಿಂದ ಕೈ ಬದಲಾಗಿ ಬಂದ ಫೈನ್‌ವರ್ಕ್‌ಬಾವ್ 300ಎಸ್, ಹಳೇ ಆನ್‌ಶುಟ್ಜ್, ವಾಲ್ಟರ್ ಇವೆಲ್ಲ ಸರಿಯಾದ ಪೆಲೆಟ್ ಸಿಕ್ಕರೆ ಇವತ್ತಿಗೂ ಹತ್ತರ ಮೇಲೆ ಹತ್ತು ಹೊಡೆಯುತ್ತವೆ.

2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿ.ಮೀ. ಮೀರದ ಬೋರ್ (ಬ್ಯಾರೆಲ್ ಒಳಗಿನ ಅಗಲ), 20 ಜೂಲ್ ಮೀರದ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಮ್ಯಾಚ್ ರೈಫಲ್‌ಗಳ ಶಕ್ತಿ ಸುಮಾರು 7.5 ಜೂಲ್ ಮಾತ್ರ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಆಟಿಕೆ ಅಂತಲ್ಲ. ಕುಕ್ಕರಹಳ್ಳಿ ಕೆರೆಯ ಹಕ್ಕಿ, ಕಾಂಪೌಂಡಿನ ಅಳಿಲು ಇವುಗಳತ್ತ ತಿರುಗಿಸಿದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು ಬೀಳುತ್ತದೆ.

ಪೆಲೆಟ್‌ಗಿಂತ ಮೊದಲು ರೈಫಲ್

ಹಳೇ ರೈಫಲ್ ಸರಿ ಇಲ್ಲದಿದ್ದರೆ ಹತ್ತು ತರಹದ ಪೆಲೆಟ್ ತಂದರೂ ವ್ಯರ್ಥ. ಮೊದಲು ಹಿಡಿಯ ಸ್ಕ್ರೂ, ಸೈಟಿನ (ಗುರಿ ನೋಡುವ ಭಾಗದ) ಸ್ಕ್ರೂ ಎಲ್ಲ ಬಿಗಿ ಇವೆಯಾ ನೋಡಿ. ಬ್ಯಾರೆಲ್ ಹಿಂಬದಿಯ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಗಾಳಿ ಸೋರುತ್ತದೆ. ಪರೀಕ್ಷೆ ಸುಲಭ. ಸೀಲಿನ ಪಕ್ಕ ಒಂದು ತೆಳು ಟಿಶ್ಯೂ ಕಾಗದದ ಚೂರು ಇಟ್ಟು, ಪೆಲೆಟ್ ಹಾಕಿ ಗುರಿಯ ಪೆಟ್ಟಿಗೆಗೆ ಹೊಡೆಯಿರಿ. ಚೂರು ಹಾರಿದರೆ ಸೀಲ್ ಬದಲಿಸಬೇಕು.

ಎಣ್ಣೆ ವಿಷಯದಲ್ಲಿ ನಮ್ಮವರಿಗೆ ಉದಾರತೆ ಜಾಸ್ತಿ. ಹೊಲಿಗೆ ಮಿಷನ್ ಎಣ್ಣೆ, ಕೊಬ್ಬರಿ ಎಣ್ಣೆ, ಕೈಗೆ ಸಿಕ್ಕಿದ್ದನ್ನು ಬಿಡುತ್ತಾರೆ. ಸ್ಪ್ರಿಂಗ್ ರೈಫಲ್‌ನಲ್ಲಿ ಸ್ಪ್ರಿಂಗ್ ತಳ್ಳುವ ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ಒತ್ತಿ ಪೆಲೆಟ್ ಹಾರಿಸುತ್ತದೆ. ಆ ಸಿಲಿಂಡರ್ ಒಳಗೆ ಎಣ್ಣೆ ಹೋದರೆ ಗಾಳಿ ಒತ್ತಿದಾಗ ಆಗುವ ಬಿಸಿಗೆ ಅದು ಹೊತ್ತಿಕೊಳ್ಳುತ್ತದೆ. ಠಪ್ ಅಂತ ಜೋರು ಸದ್ದು, ನಳಿಗೆಯಿಂದ ಹೊಗೆ. ಪೆಲೆಟ್ ವೇಗ ಒಮ್ಮೆಲೇ ಏರುತ್ತದೆ, ಸೀಲ್ ಸುಡುತ್ತದೆ. ಕೊಬ್ಬರಿ ಎಣ್ಣೆಯಂತೂ ಡಿಸೆಂಬರ್ ಬೆಳಗಿನ ಚಳಿಗೆ ಗಟ್ಟಿಯಾಗಿ ಕೂರುತ್ತದೆ. ರೈಫಲ್‌ಗೆಂದೇ ಬರುವ ಎಣ್ಣೆ, ತಯಾರಕರು ಹೇಳಿದ ಜಾಗಕ್ಕೆ, ಒಂದು ಹನಿ ಸಾಕು.

ನಂತರ ಬ್ಯಾರೆಲ್ ಶುದ್ಧಿ. ಉಣ್ಣೆಯ ಕ್ಲೀನಿಂಗ್ ಪೆಲೆಟ್ ಬಳಸುವುದಾದರೆ ಸ್ಪ್ರಿಂಗ್ ರೈಫಲ್‌ಗೆ ಒಂದೇ ಒಂದು ಹಾಕಿ ಹೊಡೆಯಬೇಡಿ. ಅದು ತೀರಾ ಹಗುರ. ತಡೆಯಲು ಗಾಳಿಯ ಒತ್ತಡವಿಲ್ಲದೆ ಪಿಸ್ಟನ್ ಹೋಗಿ ಲೋಹಕ್ಕೆ ಬಡಿಯುತ್ತದೆ. ಎರಡು ಮೂರು ಜೊತೆಗೆ ಹಾಕಿ, ಇಲ್ಲವೇ ದಾರ ಕಟ್ಟಿ ಎಳೆಯಿರಿ. ಪೆಲೆಟ್ ಇಲ್ಲದೆ ಖಾಲಿ ಟ್ರಿಗರ್ ಎಳೆಯಬಾರದು ಅನ್ನುವುದೂ ಇದೇ ಕಾರಣಕ್ಕೆ. ಶುದ್ಧಿ ಮಾಡಿದ ಮೇಲೆ ಮೊದಲ ಕೆಲವು ಡಜನ್ ಗುಂಡು ಅತ್ತಿತ್ತ ಹೋಗುವುದು ಸಹಜ. ಬ್ಯಾರೆಲ್ ಒಳಗೆ ಸೀಸದ ತೆಳು ಪದರ ಮತ್ತೆ ಕೂತ ಮೇಲೆ ಎಣಿಕೆ ಶುರು ಮಾಡಿ.

ಜಾಗ, ಮೇಜು, ಕಾರ್ಡು

ಸ್ಪರ್ಧೆಯ ದೂರ 10 ಮೀಟರ್, ಅಂದರೆ ಸುಮಾರು 33 ಅಡಿ. ಅಗ್ರಹಾರದ ಕಡೆಯ ಉದ್ದನೆ ಹಳೇ ಮನೆಗಳಲ್ಲಿ, ಮಂಡ್ಯ ಸುತ್ತಿನ ತೊಟ್ಟಿಮನೆಗಳಲ್ಲಿ ಒಳಗೇ ಇಷ್ಟು ಜಾಗ ಸಿಗುತ್ತದೆ. ಗುರಿಯ ಕಡೆ ಬಾಗಿಲು ತೆರೆಯುವಂತಿದ್ದರೆ ಚಿಲಕ ಹಾಕಿಸಿ. ಗುರಿಯ ಹಿಂದೆ ದಪ್ಪ ಕಬ್ಬಿಣದ ತಗಡಿನ ಪೆಟ್ಟಿಗೆ ಇಟ್ಟು, ಒಳಗೆ ಹಳೇ ಬಟ್ಟೆ ಬಿಗಿಯಾಗಿ ತುಂಬಿ. ಕಲ್ಲಿನ ಗೋಡೆಗೆ ನೇರ ಹೊಡೆಯಬೇಡಿ, ಸೀಸ ವಾಪಸ್ ಸಿಡಿಯುತ್ತದೆ. ಹೊಡೆಯುವವರಿಗೂ ನೋಡುವವರಿಗೂ ಕನ್ನಡಕ ಕಡ್ಡಾಯ.

ಪೆಲೆಟ್ ಪರೀಕ್ಷೆಯನ್ನು ನಿಂತು ಮಾಡುವಂತಿಲ್ಲ. ನಿಂತಾಗ ಮೈ ತೂಗಾಡುವುದು ಪೆಲೆಟ್‌ನ ವ್ಯತ್ಯಾಸಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಲ್ಲಾಡದ ಮೇಜು ಬೇಕು. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಣಮರಳು ತುಂಬಿ, ಬಾಯಿ ಹೊಲಿದರೆ ಒಳ್ಳೆಯ ದಿಂಬು ಆಗುತ್ತದೆ. ರೈಫಲ್‌ನ ಮುಂಭಾಗದ ಮರ ಆ ದಿಂಬಿನ ಮೇಲಿರಲಿ, ಬ್ಯಾರೆಲ್ ಯಾವುದಕ್ಕೂ ತಾಗಬಾರದು. 300ಎಸ್ ನಂಥ ರೈಫಲ್‌ನಲ್ಲಿ ಹೊಡೆದಾಗ ಇಡೀ ಯಂತ್ರಭಾಗ ಹಳಿಯ ಮೇಲೆ ಹಿಂದಕ್ಕೆ ಜಾರಿ ಒದೆತ ನುಂಗುತ್ತದೆ. ಅದನ್ನು ಕ್ಲ್ಯಾಂಪಿನಲ್ಲಿ ಬಿಗಿದು ಜಾರದಂತೆ ಮಾಡಿದರೆ ಫಲಿತಾಂಶವೇ ಸುಳ್ಳಾಗುತ್ತದೆ. ಮಾಮೂಲಿ ಸ್ಪ್ರಿಂಗ್ ರೈಫಲ್ ಆದರೆ ದಿಂಬಿನ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್. ಹಿಡಿತ ಸಡಿಲವಿರಲಿ, ಪ್ರತಿ ಸಲ ಅದೇ ಜಾಗದಲ್ಲಿರಲಿ.

ಕಾಗದದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಬೇಕು. ಜೆರಾಕ್ಸ್ ಹಾಳೆ ಹರಿಯುತ್ತದೆ. ಹರಿದ ತೂತನ್ನು ಅಳೆಯುವುದು ಹೇಗೆ? ಸ್ಪರ್ಧೆಯ ಕಾರ್ಡ್ ಸಿಗದಿದ್ದರೆ ಮನೆಯಲ್ಲಿ ರಾಶಿ ಬಿದ್ದಿರುವ ಮದುವೆ ಕರೆಯೋಲೆಗಳ ದಪ್ಪ ಕಾರ್ಡ್ ಹಿಂಬದಿಯಲ್ಲಿ ಕಪ್ಪು ಚುಕ್ಕೆ ಬರೆದುಕೊಳ್ಳಿ. ಚಪ್ಪಟೆ ತಲೆಯ ಪೆಲೆಟ್ ಅದರಲ್ಲಿ ಅಂಚು ಕತ್ತರಿಸಿದಂತೆ ತೂತು ಮಾಡುತ್ತದೆ.

ಯಾವ ಪೆಲೆಟ್ ತರಬೇಕು?

10 ಮೀಟರ್‌ಗೆ ಚಪ್ಪಟೆ ತಲೆಯ ಮ್ಯಾಚ್ ಪೆಲೆಟ್ ಮಾತ್ರ. ಮೊನೆ ಇರುವುದು, ದುಂಡು ತಲೆಯದು ಇಲ್ಲಿಗೆ ಬೇಡ. ರೈಫಲ್‌ಗೆಂದು ಬರುವುದು ಸುಮಾರು 0.53 ಗ್ರಾಂ ತೂಗುತ್ತದೆ, ಪಿಸ್ತೂಲಿನದು ಅದಕ್ಕಿಂತ ಹಗುರ. ಸ್ಪ್ರಿಂಗ್ ದಣಿದ ಹಳೇ ರೈಫಲ್‌ಗೆ ಪಿಸ್ತೂಲಿನ ಹಗುರ ಪೆಲೆಟ್ ಒಗ್ಗುವುದೂ ಉಂಟು. ಅದನ್ನೂ ಪರೀಕ್ಷೆಗೆ ಸೇರಿಸಿಕೊಳ್ಳಿ.

ಆರ್‌ಡಬ್ಲ್ಯುಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ ಮ್ಯಾಚ್ ಹೆಸರಾದವು. ಡಬ್ಬಿಯ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ಇರುತ್ತದೆ. ನೂರನೇ ಒಂದು ಮಿ.ಮೀ. ಏನು ಮಹಾ ಅನ್ನಬೇಡಿ. ತಲೆ ಸಣ್ಣದಾದರೆ ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳಲ್ಲಿ ಸಡಿಲವಾಗಿ ಓಲಾಡುತ್ತದೆ, ದೊಡ್ಡದಾದರೆ ತುರುಕಬೇಕಾಗುತ್ತದೆ. ಕೈಯಲ್ಲಿ ಒತ್ತಿದಾಗ ಹೇಗೆ ಕೂರುತ್ತದೆ ಎನ್ನುವುದರಿಂದ ಅಂದಾಜು ಸಿಗುತ್ತದೆ, ತೀರ್ಪು ಸಿಗುವುದಿಲ್ಲ. ಕಂಪನಿ ಎರಡು, ಅಳತೆ ಎರಡು ಮೂರು, ಒಟ್ಟು ನಾಲ್ಕೈದು ಡಬ್ಬಿ ಸಾಕು. ಪ್ರತಿ ಡಬ್ಬಿಯ ಬ್ಯಾಚ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ತೂಕ ಮಾಡಿ ವಿಂಗಡಿಸಬೇಕಾ? ಸಾಮಾನ್ಯ ಜೇಬಿನ ತಕ್ಕಡಿ 0.01 ಗ್ರಾಂ ತೋರಿಸುತ್ತದೆ. ಅದೇ ಪೆಲೆಟ್ ತೂಕದ ಸುಮಾರು ನೂರಕ್ಕೆ ಎರಡು ಭಾಗ ಆಯಿತು. ಅಂಥದ್ದರಲ್ಲಿ ತೂಗಿ ಪ್ರಯೋಜನವಿಲ್ಲ. 0.001 ಗ್ರಾಂ ತೋರಿಸುವ ತಕ್ಕಡಿ ಇದ್ದರೆ ತೂಗಿ, ಇಲ್ಲದಿದ್ದರೆ ಬಿಡಿ. ಕಣ್ಣಲ್ಲಿ ನೋಡಿ ಬುಡದ ಅಂಚು ನೆಗ್ಗಿದ್ದನ್ನು ಪಕ್ಕಕ್ಕೆ ತೆಗೆಯುವುದೇ ಹೆಚ್ಚು ಉಪಯೋಗ.

ಹೊಡೆಯುವ ಕ್ರಮ

ಪೆಲೆಟ್ ಬದಲಿಸಿದಾಗಲೆಲ್ಲ ಮೊದಲ ಐದು ಗುಂಡನ್ನು ಬೇರೆ ಕಾರ್ಡಿಗೆ ಹೊಡೆದು ಬಿಟ್ಟುಬಿಡಿ. ಆಮೇಲೆ ಒಂದು ಕಾರ್ಡಿಗೆ 10 ಗುಂಡು. ಆ ಹತ್ತು ತೂತು ಸೇರಿ ಒಂದು ಗುಂಪು. ನಡುವೆ ಸೈಟ್ ಮುಟ್ಟಬೇಡಿ. ಗುಂಪು ಕಪ್ಪು ಚುಕ್ಕೆಯ ಎಡಕ್ಕೆ ಬಿದ್ದರೂ ಚಿಂತೆಯಿಲ್ಲ, ಈಗ ಬೇಕಿರುವುದು ಎಷ್ಟು ಒತ್ತಾಗಿ ಬಿದ್ದಿದೆ ಎನ್ನುವುದು.

ಹುಡುಗರು ಮೂರು ಗುಂಡು ಹೊಡೆದು, ‘ನೋಡಿ ಸಾರ್, ಒಂದೇ ತೂತು’ ಎಂದು ಫೋಟೊ ಕಳಿಸುತ್ತಾರೆ. ಮೂರು ಗುಂಡಿನ ಗುಂಪನ್ನು ನಾನು ನಂಬುವುದಿಲ್ಲ. ಅದೇ ರೈಫಲ್, ಅದೇ ಪೆಲೆಟ್ ಇದ್ದರೂ 10 ಗುಂಡಿನ ಗುಂಪು 3 ಗುಂಡಿನದಕ್ಕಿಂತ ಸರಾಸರಿ ಒಂದೂವರೆ ಪಟ್ಟು ಅಗಲ ಬರುತ್ತದೆ. ಅದೃಷ್ಟಕ್ಕೆ ಒಂದು ಮೂರು ಚೆನ್ನಾಗಿ ಬೀಳುವುದು ಯಾವ ಪೆಲೆಟ್‌ಗೂ ಸಾಧ್ಯ.

ಕ್ರಮವೂ ಮುಖ್ಯ. ಎ, ಬಿ, ಸಿ ಎಂದು ಮೂರು ಪೆಲೆಟ್ ಇದ್ದರೆ ಮೊದಲ ಸುತ್ತು ಎ, ಬಿ, ಸಿ. ಎರಡನೇ ಸುತ್ತು ಸಿ, ಬಿ, ಎ. ಮೂರನೇ ಸುತ್ತು ಬಿ ಯಿಂದ ಶುರು. ಹಾಗೆ ಮಾಡದಿದ್ದರೆ ಕಣ್ಣು ದಣಿದಾಗ ಬಂದ ಪೆಲೆಟ್‌ಗೆ ಅನ್ಯಾಯ ಆಗುತ್ತದೆ. ಒಂದೊಂದಕ್ಕೂ ಕನಿಷ್ಠ ನಾಲ್ಕು ಗುಂಪು ಬೇಕು. ಒಂದೇ ದಿನ ಮುಗಿಸಲು ಹೋಗಬೇಡಿ. ಬೆಳಕು ಒಂದೇ ಸಮ ಇರಲಿ. ಕರೆಂಟ್ ಹೋಗಿ ಎಮರ್ಜೆನ್ಸಿ ಲೈಟಿನಲ್ಲಿ ಹೊಡೆದ ಕಾರ್ಡು ಲೆಕ್ಕಕ್ಕಿಲ್ಲ.

ಕೆಟ್ಟ ಗುಂಡನ್ನು ಬಿಡಬಹುದಾ? ಒಂದೇ ನಿಯಮ. ಟ್ರಿಗರ್ ಎಳೆದ ತಕ್ಷಣ, ಕಾರ್ಡ್ ನೋಡುವ ಮೊದಲೇ, ‘ಇದು ನನ್ನ ತಪ್ಪು’ ಎಂದು ಬಾಯಿಬಿಟ್ಟು ಹೇಳಿದ್ದರೆ ಬಿಡಿ. ತೂತು ನೋಡಿ ಆಮೇಲೆ ನೆಪ ಹೇಳಿದರೆ ಅದು ಪೆಲೆಟ್ ಲೆಕ್ಕಕ್ಕೇ ಹೋಗಬೇಕು.

ಅಳೆದು ನೋಡುವುದು

ವರ್ನಿಯರ್ ಕ್ಯಾಲಿಪರ್‌ನಲ್ಲಿ ಗುಂಪಿನ ಅತಿ ಅಗಲದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ಅದರಲ್ಲಿ 4.5 ಮಿ.ಮೀ. ಕಳೆಯಿರಿ. ಉಳಿದದ್ದು ನಡುವಿನಿಂದ ನಡುವಿಗೆ ಇರುವ ಅಗಲ. ಹೊರ ಅಳತೆ 6.5 ಬಂದರೆ ನಿಜವಾದ ಅಗಲ 2 ಮಿ.ಮೀ. ನಾಲ್ಕೂ ಗುಂಪಿನ ಸರಾಸರಿ ತೆಗೆಯಿರಿ. ಅತ್ಯುತ್ತಮ ಗುಂಪನ್ನು ಗೋಡೆಗೆ ಅಂಟಿಸಿಕೊಳ್ಳಿ, ಬೇಡ ಅನ್ನುವುದಿಲ್ಲ, ತೀರ್ಮಾನ ಮಾತ್ರ ಸರಾಸರಿ ನೋಡಿ ಮಾಡಿ.

ಇಷ್ಟು ಸಣ್ಣ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಅಂಚು ತಾಗಿದರೂ ಹತ್ತು ಸಿಗುವುದರಿಂದ ಪೆಲೆಟ್‌ನ ನಡು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ 10.0. ಅಲ್ಲಿಂದ ಪ್ರತಿ 0.25 ಮಿ.ಮೀ. ಒಳಗೆ ಬಂದಂತೆ 0.1 ಅಂಕ ಏರಿ, ಕೊನೆಗೆ 10.9. ಅಂದರೆ 5 ಮಿ.ಮೀ. ಅಗಲದ ಗುಂಪು ಸರಿಯಾಗಿ ನಡುವೆ ಕೂತರೂ ಹೊರಗಿನ ಗುಂಡು 10.0 ದಾಟುವುದಿಲ್ಲ. 60 ಗುಂಡಿನ ಸ್ಪರ್ಧೆಯಲ್ಲಿ ಈ ದಶಾಂಶಗಳೇ ಫೈನಲ್‌ಗೆ ಯಾರು ಅನ್ನುವುದನ್ನು ತೀರ್ಮಾನಿಸುತ್ತವೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಆಟದಲ್ಲಿ. ಆದರೆ ನಿಂತು ಹೊಡೆದಾಗ ಇನ್ನೂ ಎಂಟು, ಒಂಬತ್ತು ಬೀಳುತ್ತಿದ್ದರೆ ಈ ಲೇಖನ ಎತ್ತಿಟ್ಟುಕೊಳ್ಳಿ. ನಿಮಗೆ ಈಗ ಬೇಕಿರುವುದು ಪೆಲೆಟ್ ಅಲ್ಲ, ಅಭ್ಯಾಸ.

ಗುಂಪಿನ ಆಕಾರವನ್ನೂ ಓದಿ. ಎಲ್ಲ ಕಡೆಗೂ ಸಮನಾಗಿ ಹರಡಿದ್ದರೆ ಪೆಲೆಟ್ ಒಪ್ಪಿಲ್ಲ ಎಂದು ಅಂದಾಜಿಸಬಹುದು. ಎರಡು ಬೇರೆ ಬೇರೆ ಗುಂಪಾಗಿ ಬಿದ್ದರೆ ಯಾವುದೋ ಸ್ಕ್ರೂ ಸಡಿಲವಿದೆ, ಹೆಚ್ಚಾಗಿ ಸೈಟಿನದು. ಮೇಲೆ ಕೆಳಗೆ ಉದ್ದ ಎಳೆದಿದ್ದರೆ ವೇಗ ಏರುಪೇರಾಗುತ್ತಿದೆ. ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 16 ಮಿ.ಮೀ. ಕೆಳಗಿಳಿಯುತ್ತದೆ. ವೇಗ 170ಕ್ಕೆ ಬಿದ್ದರೆ ಇನ್ನೂ ಸುಮಾರು 1 ಮಿ.ಮೀ. ಜಾಸ್ತಿ. ಹಳೇ ಸ್ಪ್ರಿಂಗ್, ಸವೆದ ಸೀಲ್ ಇರುವ ರೈಫಲ್‌ನಲ್ಲಿ ಇದು ಮಾಮೂಲು. ಎಲ್ಲ ಪೆಲೆಟ್‌ನಲ್ಲೂ ಹೀಗೇ ಬಂದರೆ ಡಬ್ಬಿ ಬದಲಿಸುವುದನ್ನು ನಿಲ್ಲಿಸಿ, ರಿಪೇರಿ ಮಾಡಿಸಿ. ಯಾರ ಬಳಿಯಾದರೂ ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಒಂದು ಗಂಟೆ ಎರವಲು ಪಡೆದು ಖಚಿತ ಮಾಡಿಕೊಳ್ಳಿ.

ಎರಡು ಪೆಲೆಟ್ ಸರಾಸರಿಯಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೆ? ಸುಲಭವಾಗಿ ಸಿಗುವುದನ್ನು ಆರಿಸಿ. ಆಮೇಲೆ ಸೈಟ್ ತಿರುಗಿಸಿ ಗುಂಪನ್ನು ನಡುವಿಗೆ ತನ್ನಿ.

ಸಿಕ್ಕ ಮೇಲೆ

ಅದೇ ಬ್ಯಾಚ್ ನಂಬರಿನ ಡಬ್ಬಿ ಎಷ್ಟು ಸಿಗುತ್ತದೋ, ನಿಮ್ಮ ಜೇಬು ಎಷ್ಟು ಒಪ್ಪುತ್ತದೋ ಅಷ್ಟು ಒಮ್ಮೆಲೇ ತೆಗೆದುಕೊಳ್ಳಿ. ಅಂಗಡಿಯವರು ‘ಅದೇ ಮಾಲು, ನಂಬರ್ ಬೇರೆ ಅಷ್ಟೇ’ ಅಂದರೆ ನಗುತ್ತಾ ಬೇಡ ಅನ್ನಿ.

ಇಡುವಾಗ ಮುಚ್ಚಳ ಬಿಗಿ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ, ತೇವ ಹೀರುವ ಪೊಟ್ಟಣದ ಜೊತೆ ಇಡಿ. ಮರದ ಬೀರು ಬೇಡ. ಮರದಿಂದ ಬರುವ ಆಮ್ಲದ ಆವಿ ಸೀಸಕ್ಕೆ ಬಿಳಿ ಪುಡಿ ಹಿಡಿಸುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಬಿಳಿ ಹಿಡಿದ ಪೆಲೆಟ್ ಬ್ಯಾರೆಲ್‌ಗೂ ಕೆಟ್ಟದ್ದು, ಕೈಗೂ ಕೆಟ್ಟದ್ದು.

ಸೀಸ ವಿಷ. ಪೆಲೆಟ್ ತುಟಿಯಲ್ಲಿ ಕಚ್ಚಿಕೊಂಡು ಒಂದೊಂದೇ ತೆಗೆದು ಹಾಕುವ ಅಭ್ಯಾಸ ಕೆಲವರಿಗೆ ಇದೆ, ಇವತ್ತೇ ಬಿಡಿ. ಹೊಡೆಯುವ ಮೇಜಿನ ಮೇಲೆ ಕಾಫಿ ಲೋಟ, ಚುರುಮುರಿ ಪೊಟ್ಟಣ ಇಡಬೇಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಪೆಟ್ಟಿಗೆ ಸುತ್ತಲಿನ ಧೂಳನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಚಿಕ್ಕ ಮಕ್ಕಳು ಓಡಾಡುವ ಮನೆಯಾದರೆ ಆ ಬಟ್ಟೆಯನ್ನು ಬೇರೆ ಬಟ್ಟೆ ಜೊತೆ ಒಗೆಯಬೇಡಿ.

ಹಳೇ ಬ್ಯಾಚಿನ ಒಂದು ಡಬ್ಬಿಯನ್ನು ಮುಟ್ಟದೆ ಉಳಿಸಿಕೊಳ್ಳಿ. ಸ್ಟಾಕು ಮುಗಿದು ಹೊಸ ಬ್ಯಾಚ್ ಹುಡುಕುವಾಗ ಹೋಲಿಸಲು ಅದು ಬೇಕಾಗುತ್ತದೆ. ಆಗ ಗುಂಪು ಅಗಲವಾಗಿ ಬಂದರೆ ತಪ್ಪು ಹೊಸ ಪೆಲೆಟ್‌ನದೋ, ಇಷ್ಟರಲ್ಲಿ ದಣಿದ ರೈಫಲ್‌ನದೋ ಎನ್ನುವುದು ಆ ಡಬ್ಬಿಯಿಂದ ಎರಡು ಗುಂಪು ಹೊಡೆದರೆ ಗೊತ್ತಾಗುತ್ತದೆ.