ಎಂಟು ಸೆಕೆಂಡಿನ ಬೆಕ್ಕು

ನಾನು ದಿನಾ ಮೈಸೂರಿನಿಂದ ಮಂಡ್ಯಕ್ಕೆ ರೈಲಿನಲ್ಲಿ ಹೋಗಿ ಬರುವ ಗುಮಾಸ್ತ. ಲೆಕ್ಕಪತ್ರದ ಕೆಲಸ. ನಮ್ಮ ಬೋಗಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಟ. ಇಸ್ಪೀಟಿನವರದು ಒಂದು ಮೂಲೆ, ರಾಜಕೀಯದವರದು ಬಾಗಿಲ ಹತ್ತಿರ. ನಾಗನಹಳ್ಳಿ ಬರುವಷ್ಟರಲ್ಲಿ ಗೊರಕೆ ಶುರು ಮಾಡುವವರೂ ಇದ್ದಾರೆ. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಟಾಮ್ ಅಂಡ್ ಜೆರ್ರಿ ನೋಡುತ್ತೇನೆ. ನನಗೆ ಈಗ 47.

ಒಂದು ದಿನ ಯಲಿಯೂರಿನ ಹತ್ತಿರ ತಡೆಯಲಾರದೆ ಜೋರಾಗಿ ನಕ್ಕುಬಿಟ್ಟೆ. ಪಾಂಡವಪುರದಲ್ಲಿ ಹತ್ತುವ ಮೇಷ್ಟ್ರೊಬ್ಬರು ಎದುರಿಗೆ ಕೂತಿದ್ದರು. ಬಗ್ಗಿ ನನ್ನ ಮೊಬೈಲ್ ನೋಡಿ, “ಅಯ್ಯೋ, ಇದು ಐಕ್ಳು ನೋಡೋದಲ್ವಾ ಸಾ?” ಅಂದರು. ಆಮೇಲೆ ಮಂಡ್ಯ ಬರುವವರೆಗೂ ಅವರೂ ನೋಡಿದರು. ಇಳಿಯುವಾಗ ಮಾತ್ರ ಯಾರಾದರೂ ಕಂಡರೇನೋ ಅನ್ನುವ ಹಾಗೆ ಆಚೀಚೆ ನೋಡಿಕೊಂಡು ಇಳಿದರು.

ಇಂಥ ಹುಚ್ಚು ಕಂಡರೆ ಜನ ಬಾಲ್ಯದ ನೆನಪು ಅಂದುಕೊಳ್ಳುತ್ತಾರೆ. ನನಗೆ ಆ ನೆಪವೂ ಇಲ್ಲ. ನಮ್ಮ ದೇಶಕ್ಕೆ ಕಾರ್ಟೂನ್ ನೆಟ್‌ವರ್ಕ್ ಚಾನೆಲ್ ಬಂದಿದ್ದು 1995ರಲ್ಲಿ. ಆಗ ನನಗೆ 18, ಮೀಸೆ ಬಂದಾಗಿತ್ತು. ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದೆವು, ಕೇಬಲ್ ಇದ್ದದ್ದು ಮಾಲೀಕರ ಮನೆಯಲ್ಲಿ. ಅವರ ಚಿಕ್ಕ ಮಗನಿಗೆ ಮಗ್ಗಿ ಹೇಳಿಕೊಡುತ್ತೇನೆ ಎಂದು ಹೋಗಿ ಕೂರುತ್ತಿದ್ದೆ. ಅವನಿಗೆ ಮಗ್ಗಿ ಬರಲಿಲ್ಲ. ನನಗೆ ಈ ಚಟ ಅಂಟಿತು.

ಇನ್ನೊಂದು ವಿಷಯ. ಟಾಮ್ ಅಂಡ್ ಜೆರ್ರಿ ಬರೀ ಮಕ್ಕಳಿಗೆಂದು ಹುಟ್ಟಿದ್ದೇ ಅಲ್ಲ. 1940ರಲ್ಲಿ ಶುರುವಾದಾಗ ಅದನ್ನು ತೋರಿಸುತ್ತಿದ್ದದ್ದು ಸಿನಿಮಾ ಥಿಯೇಟರಿನಲ್ಲಿ, ದೊಡ್ಡ ಪಿಕ್ಚರಿನ ಜೊತೆಗೆ. ಟಿಕೆಟ್ ಕೊಂಡು ಬಂದ ದೊಡ್ಡವರೂ ನಗಬೇಕಿತ್ತು. ಮೊದಲ ಕಂತಿನಲ್ಲಿ ಬೆಕ್ಕಿನ ಹೆಸರು ಟಾಮ್ ಕೂಡ ಅಲ್ಲ, ಜಾಸ್ಪರ್. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಎಂಬ ಇಬ್ಬರು ಸೇರಿ 1958ರವರೆಗೆ ಇಂಥ 114 ಕಂತು ಮಾಡಿದರು. ಏಳಕ್ಕೆ ಆಸ್ಕರ್ ಬಂತು. ಕಥೆ ಕಟ್ಟಿ ಚಿತ್ರ ಬರೆಯುವುದು ಬಾರ್ಬೆರಾ ಪಾಲಿಗೆ. ಯಾವುದು ಎಷ್ಟು ಹೊತ್ತು ನಡೆಯಬೇಕು ಎಂದು ಲೆಕ್ಕ ಹಾಕುವುದು ಹನ್ನಾ ಪಾಲಿಗೆ. ಲೆಕ್ಕದ ಗುಮಾಸ್ತನಾದ ನನಗೆ ಯಾರ ಮೇಲೆ ಪ್ರೀತಿ ಜಾಸ್ತಿ ಎಂದು ಬೇರೆ ಹೇಳಬೇಕಾ?

ಆದರೂ ಮನೆಯಲ್ಲಿ ಮರ್ಯಾದೆ ಇರಲಿಲ್ಲ. ನನ್ನ ಮಗಳಿಗೆ ಹದಿನೈದು. ಅವಳು ಕಾರ್ಟೂನ್ ಬಿಟ್ಟು ಐದು ವರ್ಷವಾಯಿತು. “ಅಪ್ಪಾ, ಸೌಂಡ್ ಕಮ್ಮಿ ಮಾಡು, ಫ್ರೆಂಡ್ಸ್ ಬಂದಿದಾರೆ” ಅನ್ನುತ್ತಾಳೆ. ಹೊರದೇಶದಲ್ಲಿ ನನ್ನಂಥವರು ಗುಂಪು ಕಟ್ಟಿಕೊಂಡಿದ್ದಾರಂತೆ ಎಂದು ಅವಳೇ ಹೇಳಿದಳು. 2010ರಲ್ಲಿ ಅಮೆರಿಕದಲ್ಲಿ ಪುಟ್ಟ ಹುಡುಗಿಯರಿಗೆಂದು ಬಣ್ಣಬಣ್ಣದ ಪುಟಾಣಿ ಕುದುರೆಗಳ (ಪೋನಿ) ಕಾರ್ಟೂನ್ ಬಂತು. ಅದಕ್ಕೆ ಬೆಳೆದ ಗಂಡಸರು ಸಾಲುಗಟ್ಟಿ ಅಭಿಮಾನಿಗಳಾದರು. ‘ಬ್ರೋ’ ಮತ್ತು ‘ಪೋನಿ’ ಸೇರಿಸಿ ‘ಬ್ರೋನಿ’ ಎಂದು ಹೆಸರನ್ನೂ ಇಟ್ಟುಕೊಂಡರು. “ನೀನೂ ಒಂದು ಹೆಸರು ಇಟ್ಕೋ” ಅಂದಳು. ಬೇಡಮ್ಮ, ಇರೋ ಹೆಸರೇ ಸಾಕು ಅಂದೆ.

ನನಗೆ ಬೇಜಾರಾಗುತ್ತಿದ್ದದ್ದು ಬೇರೆಯದಕ್ಕೆ. ನಮ್ಮಮ್ಮನಿಗೆ 74. ನವರಾತ್ರಿ ಬಂದರೆ ಅಟ್ಟದಿಂದ ಪೆಟ್ಟಿಗೆ ಇಳಿಸಿ ಒಂಬತ್ತು ಮೆಟ್ಟಿಲ ಗೊಂಬೆ ಕೂರಿಸುತ್ತಾರೆ. ಮೇಲೆ ಪಟ್ಟದ ಗೊಂಬೆ, ಕೆಳಗೆ ದಶಾವತಾರ, ಅದರ ಕೆಳಗೆ ಮದುವೆ ಮನೆ, ಶೆಟ್ಟಿ ಅಂಗಡಿ, ಮಣ್ಣಿನ ಕ್ರಿಕೆಟ್ ಟೀಮು. ಶೆಟ್ಟರ ಮುಂದಿನ ಅಕ್ಕಿಬೇಳೆ ಚೆನ್ನಾಗಿ ಕಾಣಲಿಲ್ಲ ಎಂದು ರಾತ್ರಿ ಎರಡು ಗಂಟೆಯವರೆಗೆ ಸರಿಮಾಡುತ್ತಾರೆ. ಮೈಸೂರಿನಲ್ಲಿ ಬೀದಿಗೆ ನಾಲ್ಕು ಮನೆಯಲ್ಲಿ ದೊಡ್ಡವರು ಹತ್ತು ದಿನ ಗೊಂಬೆಯಾಟ ಆಡುತ್ತಾರೆ. ಅವರನ್ನು ಯಾರೂ ಮಕ್ಕಳ ಥರ ಅನ್ನುವುದಿಲ್ಲ. ಏಕೆ ಎಂದು ಯೋಚಿಸಿದೆ. ಅದು ಪೂಜೆ, ಸರಿ. ಆದರೆ ಅಮ್ಮ ಗೊಂಬೆಯನ್ನು ನೋಡಿಕೊಂಡು ಕೂರುವುದಿಲ್ಲ, ಕೈಯಾರೆ ಮಾಡುತ್ತಾರೆ. ನಾನು ಮೂವತ್ತು ವರ್ಷ ಸುಮ್ನೆ ನೋಡಿಕೊಂಡು ಕೂತಿದ್ದೆ.

ಹಾಗಾಗಿ ಕಳೆದ ವರ್ಷ ಯುಗಾದಿ ಹೊತ್ತಿಗೆ, ನಾನೂ ಒಂದು ಬೆಕ್ಕನ್ನು ಓಡಿಸುತ್ತೇನೆ ಎಂದು ಹೊರಟೆ. ಕಂಪ್ಯೂಟರಿನಲ್ಲಿ ಅಲ್ಲ, ಹಳೆಯವರ ಹಾಗೆ ಕಾಗದದ ಮೇಲೆ.

ಲೆಕ್ಕ ಮೊದಲು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿಬಿಡಿ ಫೋಟೋ. ಏಳು ನಿಮಿಷದ ಒಂದು ಕಂತಿಗೆ 10,080 ಫ್ರೇಮ್ ಆಯಿತು. ಎದೆ ಒಡೆಯಿತು. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಕಣ್ಣು ಒಪ್ಪುತ್ತದೆ, ಕಾರ್ಟೂನಿನವರು ಬಹಳ ಕಡೆ ಮಾಡುವುದೂ ಅದನ್ನೇ. ಅಂದರೆ ಸೆಕೆಂಡಿಗೆ 12 ಚಿತ್ರ ಸಾಕು. ನಾನು ಎಂಟು ಸೆಕೆಂಡಿಗೆ ಇಳಿದೆ: 96 ಚಿತ್ರ. ಬರೆದ ಹಾಳೆಗಳನ್ನು ಒಂದೊಂದಾಗಿ ಮೊಬೈಲಿನಲ್ಲಿ ಫೋಟೋ ತೆಗೆದು ಸಾಲಾಗಿ ಓಡಿಸುವುದು.

ಕಥೆ ಇಷ್ಟೇ. ತಟ್ಟೆಯಲ್ಲಿ ಒಂದು ಮೈಸೂರು ಪಾಕು. ಬೆಕ್ಕು ನೋಡುತ್ತದೆ, ಹೊಂಚುತ್ತದೆ, ಹಾರಿ ಕಚ್ಚುತ್ತದೆ. ಅದು ತುಪ್ಪ ಸೋರುವ ಮೆತ್ತನೆಯದಲ್ಲ, ನಮ್ಮ ಮನೆಯಲ್ಲಿ ಪಾಕ ಏರಿದಾಗ ಆಗುವ ಕಲ್ಲಿನಂಥದ್ದು. ಬೆಕ್ಕಿನ ಮೈಯೆಲ್ಲ ಗಡಗಡ. ಕೊನೆಗೆ ಅದು ನಮ್ಮ ಕಡೆ ತಿರುಗುತ್ತದೆ. ಒಂದು ಹಲ್ಲು ಪಾಕಿನಲ್ಲೇ ಉಳಿದಿರುತ್ತದೆ. ಇದನ್ನು ಹೇಳಿದಾಗ ನನ್ನ ಹೆಂಡತಿ ಮಾತಾಡಲಿಲ್ಲ. ಪಾಕ ಏರಿಸಿದ್ದು ಅವಳೇ.

ಕೆಳಗಿನ ಹಾಳೆ ಕಾಣುವಂತೆ ಮೇಲಿನ ಹಾಳೆಯಲ್ಲಿ ಬರೆಯಬೇಕು. ಅದಕ್ಕೆ ಬೆಳಕಿನ ಪೆಟ್ಟಿಗೆ ಬೇಕು. ಹಳೇ ಪ್ಲೈವುಡ್ ಡ್ರಾಯರ್ ಇತ್ತು. ಒಳಗೆ ಎಲ್‌ಇಡಿ ಪಟ್ಟಿ ಅಂಟಿಸಿದೆ, ಮೇಲೆ ಹಾಲುಬಣ್ಣದ ಅಕ್ರಿಲಿಕ್ ಶೀಟು ಕೂರಿಸಿದೆ. ಗಾಜು ಹಾಕಿದರೆ ದೀಪದ ಚುಕ್ಕಿಗಳೇ ಕಣ್ಣಿಗೆ ಹೊಡೆಯುತ್ತವೆ, ಹಾಲುಬಣ್ಣದ್ದೇ ಸರಿ. ಕಾಗದ ಮಾಮೂಲಿ ಝೆರಾಕ್ಸ್ ಹಾಳೆ. ಪ್ರತಿ ಹಾಳೆಗೂ ಪಂಚ್‌ನಿಂದ ಎರಡು ತೂತು ಹೊಡೆದು, ಪೆಟ್ಟಿಗೆಯ ಅಂಚಿಗೆ ಹಾಕಿದ ಎರಡು ಬೋಲ್ಟಿಗೆ ಸಿಕ್ಕಿಸಿದರೆ ಎಲ್ಲ ಹಾಳೆಯೂ ಒಂದೇ ಜಾಗದಲ್ಲಿ ಕೂರುತ್ತದೆ. (ಪಂಚ್ ಸ್ವಂತದ್ದು. ಆಡಿಟ್‌ನವರು ಓದುತ್ತಿದ್ದರೆ ಇರಲಿ ಎಂದು ಹೇಳಿದೆ.)

ಇಲ್ಲೇ ಎಡವಿದ್ದು. ಪಂಚ್‌ನ ತೂತು ಆರು ಮಿಲಿಮೀಟರ್. ನಾನು ತಂದ ಬೋಲ್ಟು ಐದರದು. ಒಂದು ಮಿಲಿಮೀಟರ್ ತಾನೇ ಅಂದುಕೊಂಡೆ. ಮೊದಲ ಪ್ರಯೋಗಕ್ಕೆ ಪುಟಿಯುವ ಚೆಂಡು ಬರೆದು ಓಡಿಸಿದೆ. ಚೆಂಡಿನ ಜೊತೆ ನೆಲವೂ ಕುಣಿಯಿತು, ಭೂಕಂಪದ ಹಾಗೆ. ಬೋಲ್ಟಿಗೆ ಇನ್ಸುಲೇಷನ್ ಟೇಪು ಸುತ್ತುತ್ತಾ ಹೋದೆ, ಹಾಳೆ ಬಿಗಿಯಾಗಿ ಇಳಿಯುವವರೆಗೆ. ಭೂಮಿ ನಿಂತಿತು.

ಚೆಂಡು ಕಲಿಸಿದ ಪಾಠ ಇನ್ನೊಂದಿದೆ. ನೆಲಕ್ಕೆ ಬಡಿದಾಗ ಅದು ಚಪ್ಪಟೆಯಾಗಬೇಕು, ಮೇಲೇಳುವಾಗ ಉದ್ದವಾಗಬೇಕು. ಇಲ್ಲದಿದ್ದರೆ ಗೋಲಿಯ ಥರ ಕಾಣುತ್ತದೆ. ಆದರೆ ಚಪ್ಪಟೆ ಮಾಡಿದಾಗ ನನ್ನ ಚೆಂಡು ಸಣ್ಣದೂ ಆಗುತ್ತಿತ್ತು, ಗಾಳಿ ಹೋದ ಹಾಗೆ. ಇದಕ್ಕೆ ಉತ್ತರ ಸಿಕ್ಕಿದ್ದು ಮಂಡ್ಯದ ಒಂದು ಹೋಟೆಲಿನಲ್ಲಿ, ಮಧ್ಯಾಹ್ನ ಊಟಕ್ಕೆ ಕೂತಾಗ. ರಾಗಿ ಮುದ್ದೆಯನ್ನು ಬೆರಳಿನಿಂದ ಒತ್ತಿದೆ. ಎತ್ತರ ಕಮ್ಮಿಯಾಯಿತು, ಅಷ್ಟೇ ಅಗಲಕ್ಕೆ ಹರಡಿತು. ಮುದ್ದೆ ಇದ್ದಷ್ಟೇ ಇತ್ತು. ಎದುರಿಗಿದ್ದ ಸಹೋದ್ಯೋಗಿ “ತಿನ್ನಿ ಸಾ, ಆರೋಯ್ತದೆ” ಎಂದರು. ಅಂದು ರಾತ್ರಿ ಚೆಂಡು ಸರಿಹೋಯಿತು.

ಬೆಕ್ಕಿಗೆ ಬಂದೆ. ಮೊದಲು ಮುಖ್ಯ ಭಂಗಿಗಳನ್ನು ಬರೆಯಬೇಕು: ನೋಟ, ಹೊಂಚು, ಹಾರಿದ ನಡುವಿನ ಗಳಿಗೆ, ಕಚ್ಚಿದ್ದು. ಆಮೇಲೆ ಅವುಗಳ ನಡುವಿನ ಚಿತ್ರಗಳು. ನಡುವಿನ ಚಿತ್ರಗಳನ್ನು ಸಮದೂರದಲ್ಲಿ ಇಟ್ಟರೆ ಬೆಕ್ಕು ಯಂತ್ರದಂತೆ ಚಲಿಸುತ್ತದೆ. ಶುರುವಿನಲ್ಲಿ ಹತ್ತಿರ ಹತ್ತಿರ ಇಟ್ಟು, ನಡುವೆ ದೂರ ಮಾಡಿ, ಕೊನೆಗೆ ಮತ್ತೆ ಹತ್ತಿರ ತಂದರೆ ಜೀವ ಬರುತ್ತದೆ. ನಮ್ಮ ರೈಲೂ ಸ್ಟೇಷನ್ನು ಬಿಡುವುದು, ಸೇರುವುದು ಹಾಗೇ ಅಲ್ವಾ?

ಹಾರುವುದಕ್ಕೆ ನಾನು ಮೊದಲು 12 ಚಿತ್ರ ಬರೆದೆ. ಪೂರ್ತಿ ಒಂದು ಸೆಕೆಂಡು. ಓಡಿಸಿ ನೋಡಿದರೆ ಬೆಕ್ಕು ನೀರಿನಲ್ಲಿ ಈಜಿದ ಹಾಗಿತ್ತು. ಕಂಪ್ಯೂಟರಿನಲ್ಲಿ ಯೂಟ್ಯೂಬ್ ಹಾಕಿ, ನಿಲ್ಲಿಸಿ, ಪೂರ್ಣವಿರಾಮದ ಕೀ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಅಲ್ಪವಿರಾಮ ಒತ್ತಿದರೆ ಹಿಂದಕ್ಕೆ. ಹಾಗೆ ಟಾಮ್ ಓಡುವುದನ್ನು ಎಣಿಸಿದೆ. ಓಟಕ್ಕೆ ಮುಂಚೆ ಅವನು ಹಿಂದಕ್ಕೆ ಜಗ್ಗಿ ತಡೆದು ನಿಲ್ಲುತ್ತಾನೆ. ಕಾಲು ಗಾಳಿಯಲ್ಲೇ ಗಿರಗಿರ ತಿರುಗುತ್ತದೆ. ಆಮೇಲೆ ಬೆಕ್ಕೇ ಇಲ್ಲ! ನಾವು ನೋಡಿದೆವು ಅಂದುಕೊಂಡ ಓಟ ನಮ್ಮ ತಲೆಯಲ್ಲಿ ನಡೆದದ್ದು. ಮೂವತ್ತು ವರ್ಷ ಅದನ್ನು ನೋಡಿ ನಕ್ಕಿದ್ದೆ, ಒಮ್ಮೆಯೂ ಕಂಡಿರಲಿಲ್ಲ.

ಮೂರು ರಾತ್ರಿಯ ಕೆಲಸ, ಎಂಟು ಹಾಳೆ ಹರಿದು ಹಾಕಿದೆ. ಹಾರುವುದಕ್ಕೆ ನಾಲ್ಕೇ ಉಳಿಸಿದೆ. ಅದರಲ್ಲಿ ಒಂದರಲ್ಲಿ ಬೆಕ್ಕು ಹಾಗಲಕಾಯಿಯಷ್ಟು ಉದ್ದಕ್ಕೆ ಎಳೆದಿದೆ. ಆ ಹಾಳೆಯನ್ನೊಂದೇ ತೋರಿಸಿದರೆ ಯಾರೂ ಅದನ್ನು ಬೆಕ್ಕು ಅನ್ನುವುದಿಲ್ಲ.

ಹನ್ನಾ ಮಾಡುತ್ತಿದ್ದ ಸಮಯದ ಲೆಕ್ಕಕ್ಕೆ ನಾನು ಉದ್ದನೆಯ ಲೆಡ್ಜರ್ ಪುಸ್ತಕ ಇಟ್ಟೆ. ಒಂದು ಕಾಲಮ್ಮಿನಲ್ಲಿ ಫೋಟೋ ಸಂಖ್ಯೆ, ಇನ್ನೊಂದರಲ್ಲಿ ಯಾವ ಹಾಳೆ ಎಂದು. ಇಲ್ಲಿ ಉಳಿತಾಯ ಕಂಡಿತು. ಗಡಗಡ ನಡುಗುವುದಕ್ಕೆ 18 ಫೋಟೋ ಬೇಕು. ಆದರೆ ಎರಡೇ ಚಿತ್ರ ಬರೆದು ಒಂದಾದ ಮೇಲೊಂದು ಇಟ್ಟರೆ ಸಾಕು. ಶುರುವಿನ ನೋಟ ಐದು ಫೋಟೋ ಹೊತ್ತು ನಿಲ್ಲುತ್ತದೆ, ಹೊಂಚು ಆರು ಫೋಟೋ. ಎರಡಕ್ಕೂ ಒಂದೊಂದೇ ಹಾಳೆ. ಎಲ್ಲ ಕಳೆದು 71 ಹಾಳೆ ಬಂತು. 96ರಲ್ಲಿ 25 ಉಳಿಸಿದ ಸಂತೋಷ ನನಗೆ ಬಜೆಟ್ ಸರಿದೂಗಿಸಿದಾಗಲೂ ಆಗಿಲ್ಲ.

ರಾತ್ರಿ ಊಟವಾದ ಮೇಲೆ ಎರಡು ಹಾಳೆ, ಮನಸ್ಸು ಬಂದರೆ ಮೂರು. ಕೆಟ್ಟದ್ದು, ಹರಿದದ್ದು ಎಲ್ಲ ಸೇರಿ ನಾಲ್ಕು ತಿಂಗಳು ಹಿಡಿಯಿತು. ಮುಖ್ಯ ಭಂಗಿಗಳ ಪೆನ್ಸಿಲ್ ಗೀಚನ್ನು ರೈಲಿನಲ್ಲಿ ಮಾಡಿದ್ದೂ ಉಂಟು, ಆದರೆ ಶ್ರೀರಂಗಪಟ್ಟಣದ ಸೇತುವೆ ಮೇಲೆ ಗೆರೆ ನಿಲ್ಲುವುದಿಲ್ಲ.

ಫೋಟೋ ತೆಗೆಯುವುದು ಸುಲಭ ಅಂದುಕೊಂಡಿದ್ದೆ. ಎರಡು ಅಕ್ಕಿ ಡಬ್ಬದ ಮೇಲೆ ಹಲಗೆ ಇಟ್ಟು, ಮೊಬೈಲಿನ ಕಣ್ಣು ಕೆಳಗೆ ನೋಡುವಂತೆ ಅಂಟಿಸಿದೆ. ಫೋಟೋಗಳನ್ನು ಸಾಲಾಗಿ ಓಡಿಸುವ ಸ್ಟಾಪ್ ಮೋಷನ್ ಆ್ಯಪ್ ಒಂದನ್ನು ಹಾಕಿಕೊಂಡು ಸೆಕೆಂಡಿಗೆ 12 ಎಂದು ಇಟ್ಟೆ. ಹಗಲಲ್ಲಿ ತೆಗೆದದ್ದೆಲ್ಲ ಮಿಣುಕುತ್ತಿತ್ತು. ಮೋಡ ಬಂದರೆ ಕಪ್ಪು, ಹೋದರೆ ಬಿಳಿ. ಮೊಬೈಲು ತಾನೇ ಬೆಳಕನ್ನು ಹೆಚ್ಚುಕಮ್ಮಿ ಮಾಡಿಕೊಳ್ಳುತ್ತಿತ್ತು. ತೆರೆಯ ಮೇಲೆ ಬೆರಳು ಒತ್ತಿ ಹಿಡಿದು ಬೆಳಕು, ಫೋಕಸ್ ಎರಡನ್ನೂ ಬೀಗ ಹಾಕಬೇಕು. ಕಿಟಕಿ ಮುಚ್ಚಿ ರಾತ್ರಿ ಒಂದೇ ದೀಪದಲ್ಲಿ ತೆಗೆಯಬೇಕು. ಒಂದೇ ಸಲ ಕೂತು ಮುಗಿಸಬೇಕು. ನನಗೆ ಎರಡೂವರೆ ಗಂಟೆ ಹಿಡಿಯಿತು, ಸೊಂಟ ಹಿಡಿದದ್ದು ಬೇರೆ.

ಶಬ್ದಕ್ಕೆ ಸ್ಟೀಲ್ ಲೋಟ, ಚಮಚ, ತುರಿಯುವ ಮಣೆ ಸಾಕಾಯಿತು. ಕಿರುಚು ಬೇಕಿತ್ತು. ಟಾಮ್‌ನ ಆ ಪ್ರಸಿದ್ಧ ಕಿರುಚು ವಿಲಿಯಂ ಹನ್ನಾ ಅವರದೇ ಗಂಟಲು. ಅವರು ಕಿರುಚಬಹುದಾದರೆ ನಾನೇಕೆ ಕಿರುಚಬಾರದು? ಬಚ್ಚಲುಮನೆ ಬಾಗಿಲು ಹಾಕಿಕೊಂಡು ಐದು ಸಲ ಕಿರುಚಿದೆ. ಪಕ್ಕದ ಮನೆಯವರು ಬಂದು ಕಾಲಿಂಗ್ ಬೆಲ್ ಒತ್ತಿದರು. ಹೆಂಡತಿ ಬಾಗಿಲು ತೆಗೆದು, “ಏನಿಲ್ಲ, ಇವರು ಕಾರ್ಟೂನ್ ಮಾಡ್ತಿದಾರೆ” ಅಂದಳಂತೆ. ಇಡೀ ಬೀದಿಗೆ ಗೊತ್ತಾಯಿತು. ಮೂರನೇ ಕಿರುಚನ್ನು ಇಟ್ಟುಕೊಂಡೆ.

ನವರಾತ್ರಿಗೆ ಅಮ್ಮನನ್ನು ಕೇಳಿ, ಕೊನೆಯ ಮೆಟ್ಟಿಲ ಮೇಲೆ, ಕ್ರಿಕೆಟ್ ಟೀಮಿನ ಪಕ್ಕ ಹಳೇ ಟ್ಯಾಬ್ ಇಟ್ಟೆ. ಬೆಕ್ಕು ಮತ್ತೆ ಮತ್ತೆ ಮೈಸೂರು ಪಾಕು ಕಚ್ಚುತ್ತಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದರು. “ಇದರ ಮುಂದೆ ಒಂದು ಚಿಕ್ಕ ರಂಗೋಲಿ ಹಾಕು, ಬೋಳುಬೋಳಾಗಿದೆ” ಅಂದರು. ಮಗಳು ಏನೂ ಅನ್ನಲಿಲ್ಲ, ಆದರೆ ಫ್ರೆಂಡ್ಸ್‌ನ ಕರೆದುಕೊಂಡು ಬಂದಾಗ ಸೌಂಡ್ ಕಮ್ಮಿ ಮಾಡಲಿಲ್ಲ.

ಸಂಜೆ ಗೊಂಬೆ ಬಾಗಿನಕ್ಕೆ ಬೀದಿಯ ಮಕ್ಕಳು ಬಂದವು. ಎಲ್ಲ ಚಕ್ಕುಲಿ ಇಸಿದುಕೊಂಡು ಓಡಿದವು. ಆರು ವರ್ಷದ ಒಬ್ಬಳು ಮಾತ್ರ ಟ್ಯಾಬ್ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದು ಹತ್ತು ಸಲವಾದರೂ ನೋಡಿರಬೇಕು. ನನಗೆ ಒಳಗೊಳಗೇ ಹಿಗ್ಗು. ಚೆನ್ನಾಗಿದೆಯಾ ಪುಟ್ಟಿ ಎಂದು ಕೇಳಿದೆ.

“ಅಂಕಲ್, ಬೆಕ್ಕಿಗೆ ಫಸ್ಟು ಮೀಸೆ ಈ ಕಡೆ ಮೂರು ಇತ್ತು. ಆಮೇಲೆ ಎರಡೇ ಇದೆ.”

ಇಲ್ಲವಲ್ಲ ಅಂದೆ. ಅವಳು ಬೆರಳಿಟ್ಟು ತೋರಿಸಿದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಳೆ ಕಟ್ಟು ಬಿಚ್ಚಿ, ಬೆಳಕಿನ ಪೆಟ್ಟಿಗೆಯ ಮೇಲೆ ಒಂದೊಂದಾಗಿ ಇಟ್ಟು ನೋಡಿದೆ. 43ನೇ ಹಾಳೆಯವರೆಗೆ ಮೂರು. 44ರಿಂದ ಎರಡು. ಲೆಡ್ಜರ್‌ನಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದು, 28 ಹೊಸ ಹಾಳೆಗೆ ತೂತು ಹೊಡೆದಿಟ್ಟೆ. ಈಗ 51ಕ್ಕೆ ಬಂದಿದ್ದೇನೆ.