ತಲೆಗೆ ಪೆಟ್ಟಾದವರು ಮತ್ತೆ ಕೆಲಸಕ್ಕೆ ಬಂದಾಗ: ನನ್ನ ಅನುಭವ

ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನಾನು ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಕಾರ್ಮಿಕರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬೈಕಿನಲ್ಲೇ ಪಾಳಿಗೆ ಬರುವುದರಿಂದ, ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ರಜೆಯಲ್ಲಿದ್ದವರನ್ನು ಮತ್ತೆ ಕೆಲಸಕ್ಕೆ ಹೊಂದಿಸುವ ಹೊಣೆ ಆಗಾಗ ನನ್ನ ಪಾಲಿಗೆ ಬರುತ್ತದೆ. ಹೊಲಿಗೆ ಮಾಯ್ದು ಕೂದಲು ಬೆಳೆದ ಕೂಡಲೇ ‘ಚೆನ್ನಾಗಿಯೇ ಇದ್ದಾನಲ್ಲ’ ಎಂಬ ಮಾತು ಶುರುವಾಗುತ್ತದೆ. ದಣಿವನ್ನು ಸೋಮಾರಿತನವೆಂದೂ ಮರೆವನ್ನು ಅಸಡ್ಡೆಯೆಂದೂ ತಿಳಿಯುವುದು ಅಲ್ಲಿಂದಲೇ.

ಸ್ಟೋರ್ಸ್ ವಿಭಾಗದ ಒಬ್ಬರ ವಿಷಯ ಹೇಳುತ್ತೇನೆ. ಅವರು ತಂದ ಫಿಟ್‌ನೆಸ್ ಸರ್ಟಿಫಿಕೇಟ್‌ನಲ್ಲಿ ‘ಕೆಲಸಕ್ಕೆ ಅರ್ಹ’ ಎಂಬ ಒಂದೇ ಸಾಲಿತ್ತು. ಅಷ್ಟರಿಂದ ಏನನ್ನೂ ತೀರ್ಮಾನಿಸಲಾಗದು. ಫೋರ್ಕ್‌ಲಿಫ್ಟ್ ಓಡಿಸುವುದು, ಏಣಿ ಹತ್ತಿ ರ‍್ಯಾಕಿನಿಂದ ಸಾಮಾನು ಇಳಿಸುವುದು, ರಾತ್ರಿ ಪಾಳಿ, ಯಂತ್ರಗಳ ಸದ್ದು, ಹೀಗೆ ಕೆಲಸವನ್ನು ಬಿಡಿಬಿಡಿಯಾಗಿ ಬರೆದು ಒಂದೊಂದಕ್ಕೂ ಉತ್ತರ ಕೊಡುವಂತೆ ವೈದ್ಯರನ್ನು ಕೋರಿದೆ. ಫಿಟ್ಸ್ ಬರುವ ಅಪಾಯವಿದ್ದುದರಿಂದ ಮೊದಲ ಮೂರೂ ಬೇಡವೆಂದು ಅವರು ತಿಳಿಸಿದರು. ಇನ್ನೊಂದು ಸಂಗತಿ ಆ ಕಾರ್ಮಿಕರ ಹೆಂಡತಿಯಿಂದ ತಿಳಿಯಿತು: “ಒಗ್ಗರಣೆ ಸೀದುಹೋದರೂ ಇವರಿಗೆ ವಾಸನೆ ಗೊತ್ತಾಗಲ್ಲ ಸರ್.” ತಲೆಗೆ ಪೆಟ್ಟಾದವರಲ್ಲಿ ವಾಸನೆ ತಿಳಿಯುವ ಶಕ್ತಿ ಹೋಗುವುದುಂಟು. ಥಿನ್ನರ್ ಮತ್ತು ಗ್ಯಾಸ್ ಸಿಲಿಂಡರ್ ಇರುವ ಕೋಣೆಯ ಕೆಲಸದಿಂದ ಅವರನ್ನು ಅಂದೇ ಬಿಡಿಸಿದೆವು.

‘ಗೇಟಿನಲ್ಲಿ ಕೂರಿಸಿಬಿಡಿ’ ಎಂದು ಕೆಲವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ಹಾರ್ನ್ ಸದ್ದಿನ ನಡುವೆ ನಾಲ್ಕು ಜನ ಒಟ್ಟಿಗೆ ಪ್ರಶ್ನೆ ಕೇಳುವ ಗೇಟು ಅವರಿಗೆ ಸ್ಟೋರ್ಸ್‌ಗಿಂತಲೂ ಕಷ್ಟದ ಜಾಗ. ಅಲ್ಲದೆ, ಹಳೆಯ ಬಿಡಿಭಾಗಗಳ ನಂಬರು, ಬಿನ್ನುಗಳ ಜಾಗ ಅವರಿಗೆ ಅಚ್ಚಳಿಯದೆ ನೆನಪಿದ್ದವು; ನಿಲ್ಲದಿದ್ದುದು ಹೊಸದಾಗಿ ಹೇಳಿದ್ದು ಮಾತ್ರ. ಬೋಲ್ಟ್ ಎಣಿಸುವಾಗ ಯಾರಾದರೂ ಮಾತನಾಡಿಸಿದರೆ ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತಿತ್ತು. ಆದ್ದರಿಂದ ಒಮ್ಮೆಗೆ ಒಂದೇ ಚಲನ್ (ಸಾಮಾನಿನ ಪಟ್ಟಿ) ಕೊಟ್ಟು, ಪ್ರತಿ ಸಾಲು ಮುಗಿದಾಗ ಟಿಕ್ ಹಾಕುವ ಏರ್ಪಾಟು ಮಾಡಿದೆವು. ಚಲನ್ ಮುಗಿಯುವ ತನಕ ಯಾರೂ ಮಾತನಾಡಿಸಬಾರದು, ಸೂಪರ್‌ವೈಸರ್ ಏನಿದ್ದರೂ ಚೀಟಿಯಲ್ಲಿ ಬರೆದು ಕೊಡಬೇಕು.

ಮೊದಲು ಅರ್ಧ ದಿನದ ಕೆಲಸ, ನಡುವೆ ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ವಿಶ್ರಾಂತಿ. ಬೆಳಗಿನ ಚುರುಕನ್ನು ನೋಡಿ ನಾನು ಅವಧಿ ಹೆಚ್ಚಿಸಲಿಲ್ಲ. ಕೊನೆಯ ಗಂಟೆಯಲ್ಲಿ ಎಷ್ಟು ತಪ್ಪಾಗುತ್ತಿದೆ, ಮನೆಗೆ ಹೋದ ಮೇಲೆ ಹೇಗಿರುತ್ತಾರೆ ಎಂಬುದನ್ನು ಕೇಳಿ ತಿಳಿದ ಮೇಲೆಯೇ ಹೆಚ್ಚಿಸಿದೆ. ಸಿಡುಕು ಗಾಯದಿಂದಲೂ ಬರಬಹುದು, ಫಿಟ್ಸ್ ತಡೆಯುವ ಕೆಲವು ಮಾತ್ರೆಗಳಿಂದಲೂ ಬರಬಹುದು. ಅವರ ಒಪ್ಪಿಗೆ ಪಡೆದು ಇದನ್ನು ಜೊತೆಗಾರರಿಗೆ ತಿಳಿಸಿದ ಮೇಲೆ ಜಗಳಗಳು ಕಡಿಮೆಯಾದವು.

ಸಂಬಳದ ಚಿಂತೆಯಿಂದ ಎಷ್ಟೋ ಮಂದಿ ಗುಣವಾಗುವ ಮೊದಲೇ ಓಡಿಬರುತ್ತಾರೆ. ಕೆಲಸಕ್ಕೆ ಬರುವ ದಾರಿಯ ಅಪಘಾತ ಉದ್ಯೋಗದ ಗಾಯವೆಂದು ಸಾಬೀತಾದರೆ, ಇಎಸ್‌ಐ (ನೌಕರರ ರಾಜ್ಯ ವಿಮೆ) ಅಡಿ ತಾತ್ಕಾಲಿಕ ಅಂಗವೈಕಲ್ಯದ ಅವಧಿಗೆ ಕೂಲಿಯ ಶೇ 90ರಷ್ಟು ಸಿಗುತ್ತದೆ. ಸಾಮಾನ್ಯ ಅನಾರೋಗ್ಯ ರಜೆಗೆ ಸಿಗುವುದು ಶೇ 70, ಅದೂ ವರ್ಷಕ್ಕೆ 91 ದಿನ. ಈ ವ್ಯತ್ಯಾಸವನ್ನು ಕುಟುಂಬದವರಿಗೆ ಆಸ್ಪತ್ರೆಯಲ್ಲಿರುವಾಗಲೇ ತಿಳಿಸುತ್ತೇನೆ.

ಆ ಸ್ಟೋರ್ಸ್ ಕಾರ್ಮಿಕರು ಈಗ ಪೂರ್ತಿ ಹಗಲು ಪಾಳಿ ಮಾಡುತ್ತಾರೆ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುವುದರಿಂದ, ನರರೋಗ ವೈದ್ಯರು ಬರೆದುಕೊಡುವ ತನಕ ಅವರಿಗೆ ರಾತ್ರಿ ಪಾಳಿ ಹಾಕುವುದಿಲ್ಲ.